ನಡುಮನೆಯ ಟಿವಿಗೆ ಕೈಗೆಟುಕುವ ಸ್ಟ್ರೀಮಿಂಗ್ ಬಾಕ್ಸ್ ಮತ್ತು ಗೇಮಿಂಗ್ ಸಲಕರಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಂಧುಗಳು, ನೆರೆಹೊರೆಯವರು, ಸಹೋದ್ಯೋಗಿಗಳು ಮಾತಿನ ನಡುವೆಯೋ ಪತ್ರದಲ್ಲೋ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಸ್ಟ್ರೀಮಿಂಗ್ ಬಾಕ್ಸ್ ಎಂದರೆ ಇಂಟರ್‌ನೆಟ್‌ನಿಂದ ಸಿನಿಮಾ, ಧಾರಾವಾಹಿಗಳನ್ನು ತಂದು ಟಿವಿಯಲ್ಲಿ ತೋರಿಸುವ ಪುಟ್ಟ ಸಾಧನ; ಟಿವಿಗೇ ಸಿಕ್ಕಿಸುವ ಅದರ ಕಡ್ಡಿಯಾಕಾರದ ರೂಪವೇ ಸ್ಟಿಕ್. ಬೆಲೆಗಳು ಹಬ್ಬದ ರಿಯಾಯಿತಿಯೊಂದಿಗೆ ಏರಿಳಿಯುವುದರಿಂದ ಇಲ್ಲಿರುವ ಮೊತ್ತಗಳನ್ನು ಅಂದಾಜು ಎಂದೇ ತಿಳಿಯಬೇಕು.

## ಮೊದಲು ಮನೆಯಲ್ಲಿರುವ ಟಿವಿಯ ಮಾತು

ನಮ್ಮ ಟಿವಿ ಹತ್ತು ವರ್ಷ ಹಳೆಯದು, ಸ್ಮಾರ್ಟ್ ಅಲ್ಲ. ಒಂದು ಬಾಕ್ಸ್ ಹಾಕಿದರೆ ಸಾಕಾ, ಇಲ್ಲ ಹೊಸ ಟಿವಿಯೇ ತರಬೇಕಾ?

ಟಿವಿಯ ಹಿಂಬದಿಗೆ ಟಾರ್ಚ್ ಹಿಡಿದು ನೋಡಿ. ಸುಮಾರು ಒಂದೂವರೆ ಸೆಂಟಿಮೀಟರ್ ಅಗಲದ, ಒಂದು ಬದಿಯ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿದಂತೆ ಕಾಣುವ ಕಿಂಡಿಯೊಂದು ಇದ್ದರೆ ಅದೇ ಚಿತ್ರ ಮತ್ತು ಧ್ವನಿ ಎರಡನ್ನೂ ಒಳತರುವ ಎಚ್‌ಡಿಎಂಐ. ಆ ಕಿಂಡಿ ಇದ್ದು, ಪರದೆಯಲ್ಲಿ ಗೆರೆಗಳೋ ಕಪ್ಪು ಕಲೆಗಳೋ ಮೂಡಿಲ್ಲವಾದರೆ ಹೊಸ ಟಿವಿಯ ಅಗತ್ಯವಿಲ್ಲ. ಐದು ಸಾವಿರ ರೂಪಾಯಿಯ ಆಸುಪಾಸಿನ ಒಂದು ಸ್ಟಿಕ್ ಆ ಟಿವಿಯನ್ನು ಇನ್ನೂ ನಾಲ್ಕೈದು ವರ್ಷ ನಡೆಸಿಕೊಂಡು ಹೋಗುತ್ತದೆ. ಪರದೆಯೇ ಕೆಟ್ಟಿದ್ದರೆ ಮಾತ್ರ ಬಾಕ್ಸ್‌ಗೆ ಹಣ ಹಾಕಬೇಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದರಿಂದ, ಹೇಗೂ ಟಿವಿ ಬದಲಿಸಲೇಬೇಕು ಎನ್ನುವವರಿಗೆ ಲೆಕ್ಕ ಮೊದಲಿಗಿಂತ ಹಗುರವಾಗಿದೆ.

ಟಿವಿ ಸ್ಮಾರ್ಟ್ ಟಿವಿಯೇ. ಆದರೆ ಈಗ ಒಂದು ಆ್ಯಪ್ ತೆರೆಯಲು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕು. ಏನು ಮಾಡಲಿ?

ಅಗ್ಗದ ಸ್ಮಾರ್ಟ್ ಟಿವಿಗಳಲ್ಲಿ ಪರದೆ ಎಂಟು ಹತ್ತು ವರ್ಷ ಬಾಳುತ್ತದೆ, ಆದರೆ ಅದರೊಳಗಿನ ಪ್ರೊಸೆಸರ್ ಮತ್ತು ಆ್ಯಪ್ ನಡೆಸಲು ಬೇಕಾದ 1 ಜಿಬಿ ರ್‍ಯಾಮ್ ಮೂರು ನಾಲ್ಕು ವರ್ಷಕ್ಕೇ ಏದುಸಿರು ಬಿಡುತ್ತವೆ. ಆ್ಯಪ್‌ಗಳು ಪ್ರತಿ ವರ್ಷ ದಪ್ಪವಾಗುತ್ತ ಹೋಗುವುದೇ ಇದಕ್ಕೆ ಕಾರಣ. ಮೊದಲು ಬಳಸದ ಆ್ಯಪ್‌ಗಳನ್ನು ತೆಗೆದುಹಾಕಿ. ಅದರಿಂದಲೂ ಸುಧಾರಿಸದಿದ್ದರೆ ಟಿವಿಯನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಎಲ್ಲವನ್ನೂ ಅಳಿಸಿ ಹೊಸದರ ಸ್ಥಿತಿಗೆ ತಂದು, ಮನೆಯವರು ನಿಜವಾಗಿ ನೋಡುವ ಮೂರ್ನಾಲ್ಕು ಆ್ಯಪ್‌ಗಳನ್ನಷ್ಟೇ ಮತ್ತೆ ಹಾಕಿ. ಅರ್ಧದಷ್ಟು ಮನೆಗಳಲ್ಲಿ ಇಷ್ಟಕ್ಕೇ ಕೆಲಸ ಮುಗಿದುದನ್ನು ನಾನು ಕಂಡಿದ್ದೇನೆ. ಆಗಲೂ ನಿಧಾನವೇ ಆಗಿದ್ದರೆ ಹೊರಗಿನಿಂದ ಸ್ಟಿಕ್ ಜೋಡಿಸಿ, ಟಿವಿಯ ಸ್ವಂತ ವೈಫೈಯನ್ನು ಆಫ್ ಮಾಡಿ ಅದನ್ನು ಬರಿಯ ಪರದೆಯಂತೆ ಬಳಸಿ.

ಊರಿನಲ್ಲಿ ಅಪ್ಪ ಅಮ್ಮನ ಬಳಿ ಇನ್ನೂ ಡಬ್ಬಾ ಟಿವಿ ಇದೆ. ಹಳದಿ, ಬಿಳಿ, ಕೆಂಪು ವೈರಿನದು. ಅದಕ್ಕೆ ಹಾಕಲು ಆಗುತ್ತದಾ?

ಆಗುತ್ತದೆ, ಆದರೆ ಎಚ್‌ಡಿಎಂಐಯನ್ನು ಎವಿಗೆ (ಆ ಮೂರು ಬಣ್ಣದ ವೈರಿನ ಸಂಪರ್ಕಕ್ಕೆ) ಬದಲಿಸುವ ಪುಟ್ಟ ಕನ್ವರ್ಟರ್ ಬೇಕು. ಅಂಗಡಿಯಲ್ಲಿ ಇದರ ತದ್ವಿರುದ್ಧ ಕೆಲಸ ಮಾಡುವ, ಎವಿಯನ್ನು ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಕೂಡ ಅದೇ ಗಾತ್ರದಲ್ಲಿ, ಅದೇ ಬಣ್ಣದಲ್ಲಿ ಸಿಗುತ್ತದೆ. ಇವುಗಳಲ್ಲಿ ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ತಪ್ಪಾದುದನ್ನು ತಂದು, ಟಿವಿಯೇ ಕೆಟ್ಟಿದೆ ಎಂದು ಕುಳಿತವರು ಹಲವರು. ಡಬ್ಬಿಯ ಮೇಲೆ ಎಚ್‌ಡಿಎಂಐ ‘ಇನ್’, ಎವಿ ‘ಔಟ್’ ಎಂದಿರುವುದನ್ನು ಓದಿ ನೋಡಿಯೇ ಹಣ ಕೊಡಿ.

ಜೋಡಿಸಿದ ಮೇಲೂ ಎರಡು ತೊಡಕುಗಳು ಉಳಿಯುತ್ತವೆ. ಅಗಲವಾದ ಚಿತ್ರ ಚೌಕ ಪರದೆಯಲ್ಲಿ ಕುಗ್ಗುವುದರಿಂದ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ನಕಲು ತಡೆಯ ವ್ಯವಸ್ಥೆಯಿಂದಾಗಿ ಕೆಲವು ಆ್ಯಪ್‌ಗಳು ಕನ್ವರ್ಟರ್ ಮೂಲಕ ಬರಿಯ ಕಪ್ಪು ಪರದೆಯನ್ನಷ್ಟೇ ತೋರಿಸಬಹುದು. ವಾರ್ತೆ, ಹಾಡು, ಹಳೆಯ ಚಿತ್ರಗಳಷ್ಟೇ ಬೇಕು ಎನ್ನುವ ಮನೆಗೆ ಡಿಡಿ ಫ್ರೀ ಡಿಶ್ ಸಾಕು. ಅದಕ್ಕೆ ತಿಂಗಳ ಬಾಡಿಗೆಯಿಲ್ಲ, ಇಂಟರ್‌ನೆಟ್ ಬೇಡ, ಡಿಡಿ ಚಂದನ ಬರುತ್ತದೆ.

ಸ್ಟಿಕ್ ಒಳ್ಳೆಯದೋ, ಬಾಕ್ಸ್ ಒಳ್ಳೆಯದೋ?

ಒಳಗಿನ ಕೆಲಸ ಎರಡರಲ್ಲೂ ಒಂದೇ. ಸ್ಟಿಕ್ ಟಿವಿಯ ಹಿಂದೆ ಅಡಗಿ ಕೂರುತ್ತದೆ, ಪ್ರಯಾಣದಲ್ಲಿ ಜೇಬಿಗೆ ಹಾಕಿಕೊಳ್ಳಬಹುದು. ಆದರೆ ಅದಕ್ಕೆ ಗಾಳಿ ಕಡಿಮೆ, ಯುಎಸ್‌ಬಿ ಮತ್ತು ಲ್ಯಾನ್ (ರೂಟರ್‌ನಿಂದ ವೈರಿನ ಮೂಲಕ ಇಂಟರ್‌ನೆಟ್ ತರುವ) ಕಿಂಡಿಗಳು ಸಾಮಾನ್ಯವಾಗಿ ಇರುವುದಿಲ್ಲ. ಬಾಕ್ಸ್‌ನಲ್ಲಿ ಒಂದು ಯುಎಸ್‌ಬಿ ಕಿಂಡಿಯಾದರೂ ಇರುತ್ತದೆ. ಗೇಮ್‌ಪ್ಯಾಡ್‌ನ ಡಾಂಗಲ್ (ಪ್ಯಾಡ್‌ನ ಸಂಕೇತ ಹಿಡಿಯುವ ಪುಟ್ಟ ತುಂಡು) ಅಥವಾ ಮದುವೆಯ ವಿಡಿಯೋ ಇರುವ ಪೆನ್‌ಡ್ರೈವ್ ಹಾಕಬೇಕೆಂದಿದ್ದರೆ ಬಾಕ್ಸ್ ಅನುಕೂಲ. ಕೇವಲ ಧಾರಾವಾಹಿ, ಸಿನಿಮಾ, ಕ್ರಿಕೆಟ್ ಎಂದರೆ ಸ್ಟಿಕ್ ಧಾರಾಳ ಸಾಕು.

ಬ್ರಾಡ್‌ಬ್ಯಾಂಡ್‌ನವರೇ ಒಂದು ಬಾಕ್ಸ್ ಪುಕ್ಕಟೆ ಕೊಡುತ್ತೇವೆ ಅನ್ನುತ್ತಿದ್ದಾರೆ. ಅದನ್ನೇ ಇಟ್ಟುಕೊಳ್ಳಲಾ?

ಇಟ್ಟುಕೊಳ್ಳಿ, ಆದರೆ ಪುಕ್ಕಟೆ ಎಂದು ನಂಬಬೇಡಿ. ಅದು ನಿಮ್ಮ ಮಾಸಿಕ ಯೋಜನೆಯೊಳಗೆ ಸೇರಿರುತ್ತದೆ, ಸಂಪರ್ಕ ಬಿಟ್ಟರೆ ಬಹುತೇಕ ಹಿಂತಿರುಗಿಸಬೇಕಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ, ವೈರಿಲ್ಲದೆ ಮನೆಗೆ ಇಂಟರ್‌ನೆಟ್ ಕೊಡುವ ಜಿಯೋ ಏರ್‌ಫೈಬರ್ ಆರಂಭವಾದ ಮೇಲೆ ಇಂತಹ ಬಾಕ್ಸ್‌ಗಳು ಫೈಬರ್ ತಲುಪದ ಬಡಾವಣೆಗಳಿಗೂ ಬಂದಿವೆ. ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿ: ಬೇರೆ ಕಂಪನಿಯ ಇಂಟರ್‌ನೆಟ್‌ನಲ್ಲಿಯೂ ಅದು ನಡೆಯುತ್ತದೆಯೇ, ನಿಮಗೆ ಬೇಕಾದ ಆ್ಯಪ್ ಹಾಕಿಕೊಳ್ಳಲು ಬಿಡುತ್ತದೆಯೇ, ಠೇವಣಿ ಎಷ್ಟು. ಉತ್ತರ ಸಮಾಧಾನಕರವಾಗಿದ್ದರೆ ಪ್ರತ್ಯೇಕ ಬಾಕ್ಸ್ ಕೊಳ್ಳುವುದನ್ನು ಮುಂದೂಡಬಹುದು.

## ಕೊಳ್ಳುವ ಹೊತ್ತು

ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ 8ಕೆ, 128 ಜಿಬಿ ಬಾಕ್ಸ್ ಇದೆ. ಹೆಸರಾಂತ ಕಂಪನಿಯವರು ಐದು ಸಾವಿರಕ್ಕೆ ಬರೀ 8 ಜಿಬಿ ಕೊಡುತ್ತಾರೆ. ಯಾಕೆ ಸುಮ್ಮನೆ ಹೆಚ್ಚು ಕೊಡಬೇಕು?

ಇಡೀ ಪಟ್ಟಿಯಲ್ಲಿ ನಾನು ಅತ್ಯಂತ ಕಾಳಜಿಯಿಂದ ಉತ್ತರಿಸಬಯಸುವ ಪ್ರಶ್ನೆ ಇದು, ಏಕೆಂದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ. ಹೆಸರಿಲ್ಲದ ಒಂದು ಬಾಕ್ಸನ್ನು ತಂದು ಜೋಡಿಸಿದ ದಿನ ಎಲ್ಲವೂ ಚೆನ್ನಾಗಿಯೇ ಕಂಡಿತು. ಸೆಟ್ಟಿಂಗ್ಸ್‌ನಲ್ಲಿ 64 ಜಿಬಿ ಎಂದು ಬರೆದಿತ್ತು. ಮದುವೆಯ ವಿಡಿಯೋಗಳನ್ನು ತುಂಬಲು ಹೋದಾಗ ಏಳೆಂಟು ಜಿಬಿಗೇ ಜಾಗ ಮುಗಿಯಿತು. ಸಿನಿಮಾ ಹಾಕಿದರೆ ಮುಖಗಳು ಮಂಜಿನ ಹಿಂದೆ ಇದ್ದಂತೆ ಕಾಣುತ್ತಿದ್ದವು. ಕೊನೆಗೆ ಕಣ್ಣಿಗೆ ಬಿದ್ದದ್ದು ರೂಟರ್: ರಾತ್ರಿ ಎಲ್ಲರೂ ಮಲಗಿ, ಟಿವಿ ಆರಿದ ಮೇಲೂ ಅದರ ಹಸಿರು ದೀಪ ಒಂದೇ ಸಮನೆ ಮಿಣುಕುತ್ತಿತ್ತು. ಬಾಕ್ಸ್‌ನ ಪ್ಲಗ್ ಕಿತ್ತೊಡನೆ ಮಿಣುಕು ನಿಂತಿತು. ಮತ್ತೆ ಹಾಕಿದೆ, ಮತ್ತೆ ಶುರುವಾಯಿತು. ಅಂದೇ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಹೀಗೇಕಾಗುತ್ತದೆ ಎಂಬುದು ಈಗ ಚೆನ್ನಾಗಿ ತಿಳಿದಿರುವ ಸಂಗತಿ. ಇಂತಹ ಎಷ್ಟೋ ಬಾಕ್ಸ್‌ಗಳಲ್ಲಿ ಇರುವುದು ಟಿವಿಗಾಗಿ ಸಿದ್ಧಪಡಿಸಿದ ಆಂಡ್ರಾಯ್ಡ್ ಅಲ್ಲ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಆಂಡ್ರಾಯ್ಡ್. 2023ರಲ್ಲಿ ಟಿ95 ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಅಗ್ಗದ ಬಾಕ್ಸ್‌ಗಳಲ್ಲಿ, ಗ್ರಾಹಕರ ಕೈ ಸೇರುವ ಮೊದಲೇ ದುರುದ್ದೇಶದ ತಂತ್ರಾಂಶ ಇದ್ದುದು ಪತ್ತೆಯಾಯಿತು. ಇದೇ ಜಾಲಕ್ಕೆ ‘ಬ್ಯಾಡ್‌ಬಾಕ್ಸ್’ ಎಂಬ ಹೆಸರು ಬಿತ್ತು. 2024ರ ಡಿಸೆಂಬರ್‌ನಲ್ಲಿ ಜರ್ಮನಿಯ ಮಾಹಿತಿ ಭದ್ರತಾ ಸಂಸ್ಥೆಯು ತನ್ನ ದೇಶದಲ್ಲಿ ಸೋಂಕು ತಗುಲಿದ್ದ ಸುಮಾರು 30,000 ಸಾಧನಗಳಿಗೂ ಅವುಗಳನ್ನು ಕುಣಿಸುತ್ತಿದ್ದ ಸರ್ವರ್‌ಗಳಿಗೂ ನಡುವಿನ ಸಂಪರ್ಕವನ್ನು ಕಡಿಯಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಸಾರ್ವಜನಿಕ ಎಚ್ಚರಿಕೆ ನೀಡಿತು. ಸೋಂಕಿತ ಬಾಕ್ಸ್ ನಿಮ್ಮ ಮನೆಯ ಇಂಟರ್‌ನೆಟ್ ವಿಳಾಸವನ್ನು ಅಪರಿಚಿತರಿಗೆ ಬಾಡಿಗೆಗೆ ಕೊಟ್ಟಂತೆ ನಡೆದುಕೊಳ್ಳುತ್ತದೆ. ಅವರು ಮಾಡುವ ವಂಚನೆಯ ಜಾಡು ಹಿಡಿದರೆ ಅದು ಬಂದು ನಿಲ್ಲುವುದು ನಿಮ್ಮ ಬಾಗಿಲಿಗೆ.

ಮಸುಕಾದ ಚಿತ್ರಕ್ಕೆ ಕಾರಣ ಬೇರೆ. ಸಿನಿಮಾ ಕಳ್ಳತನ ತಡೆಯಲು ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋ ಮುಂತಾದವು ಆಂಡ್ರಾಯ್ಡ್ ಸಾಧನಗಳಲ್ಲಿ ‘ವೈಡ್‌ವೈನ್’ ಎಂಬ ಬೀಗವನ್ನು ಬಳಸುತ್ತವೆ. ಅದರ ಎಲ್1 ಮಟ್ಟದ ಮಾನ್ಯತೆ ಇರುವ ಸಾಧನಕ್ಕೆ ಮಾತ್ರ ಎಚ್‌ಡಿ ಚಿತ್ರ ಬರುತ್ತದೆ. ಎಲ್3 ಮಟ್ಟದ ಅಗ್ಗದ ಬಾಕ್ಸ್‌ಗೆ ಸಿಗುವುದು 480ಪಿ ಆಸುಪಾಸಿನ ಚಿತ್ರ, ಡಬ್ಬಿಯ ಮೇಲೆ 8ಕೆ ಎಂದು ಬರೆದಿದ್ದರೂ ಅಷ್ಟೇ. ಆದ್ದರಿಂದ ಡಬ್ಬಿಯ ಮೇಲಿನ ಸಂಖ್ಯೆಗಳನ್ನು ಬಿಟ್ಟು, ಆಂಡ್ರಾಯ್ಡ್ ಬಾಕ್ಸ್ ಆದರೆ ಅದರ ತಯಾರಕರು ಗೂಗಲ್ ಪ್ರಕಟಿಸಿರುವ ಆಂಡ್ರಾಯ್ಡ್ ಟಿವಿ ಪಾಲುದಾರರ ಪಟ್ಟಿಯಲ್ಲಿ ಇದ್ದಾರೆಯೇ ಎಂದು ನೋಡಿ. ಮನೆಗೆ ತಂದ ಮೇಲೆ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸಾಧನ ಪ್ರಮಾಣೀಕೃತ’ ಎಂದು ತೋರಿಸದಿದ್ದರೆ ಹಿಂತಿರುಗಿಸುವ ಗಡುವಿನೊಳಗೇ ಹಿಂತಿರುಗಿಸಿ. ‘ಜೀವನಪೂರ್ತಿ ಎಲ್ಲ ಚಾನೆಲ್ ಉಚಿತ’ ಎಂದು ಹೇಳುವ ಬಾಕ್ಸ್‌ನ ಹತ್ತಿರವೂ ಸುಳಿಯಬೇಡಿ.

4ಕೆ ನಿಜವಾಗಿಯೂ ಬೇಕಾ? ನಮ್ಮದು 43 ಇಂಚಿನ ಫುಲ್ ಎಚ್‌ಡಿ ಟಿವಿ.

4ಕೆ ಚಿತ್ರದಲ್ಲಿ ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕಿಗಳಿರುತ್ತವೆ. ಟಿವಿ ಫುಲ್ ಎಚ್‌ಡಿ ಆಗಿದ್ದರೆ 4ಕೆ ಸ್ಟಿಕ್ ಹಾಕಿದ ಮಾತ್ರಕ್ಕೆ ಚಿತ್ರ 4ಕೆ ಆಗುವುದಿಲ್ಲ. ಇನ್ನು ಟಿವಿಯೇ 4ಕೆ ಆಗಬೇಕೇ ಎಂಬುದು ನೀವು ಕೂರುವ ದೂರವನ್ನು ಅವಲಂಬಿಸಿದೆ. 43 ಇಂಚಿನ ಫುಲ್ ಎಚ್‌ಡಿ ಪರದೆಯ ಚುಕ್ಕಿಗಳನ್ನು ಸಾಮಾನ್ಯ ದೃಷ್ಟಿಯ ಕಣ್ಣು ಸುಮಾರು ಐದೂವರೆ ಅಡಿಗಿಂತ ಆಚೆಯಿಂದ ಬಿಡಿಬಿಡಿಯಾಗಿ ಗುರುತಿಸಲಾರದು. 55 ಇಂಚಿಗೆ ಆ ದೂರ ಏಳು ಅಡಿಯಷ್ಟು. ನಮ್ಮ ನಡುಮನೆಗಳಲ್ಲಿ ಸೋಫಾ ಸಾಮಾನ್ಯವಾಗಿ ಎದುರು ಗೋಡೆಗೆ ಒರಗಿ ಎಂಟು ಹತ್ತು ಅಡಿ ದೂರದಲ್ಲಿರುತ್ತದೆ.

ಹೀಗಿದ್ದೂ 4ಕೆ ಸ್ಟಿಕ್ ಕೊಳ್ಳುವುದರಲ್ಲಿ ಒಂದು ಅರ್ಥವಿದೆ. ಅದರ ಪ್ರೊಸೆಸರ್ ಮತ್ತು ರ್‍ಯಾಮ್ ಸಾಮಾನ್ಯವಾಗಿ ಎಚ್‌ಡಿ ಮಾದರಿಗಿಂತ ಉತ್ತಮವಾಗಿರುತ್ತವೆ, ಆದ್ದರಿಂದ ಹೆಚ್ಚು ವರ್ಷ ತಡವರಿಸದೆ ಓಡುತ್ತದೆ. ಆದರೆ ಇದೂ ಎಲ್ಲ ಮಾದರಿಗಳಿಗೆ ಅನ್ವಯಿಸುವುದಿಲ್ಲ. ಕೇವಲ 1 ಜಿಬಿ ರ್‍ಯಾಮ್ ಇರುವ 4ಕೆ ಸ್ಟಿಕ್‌ಗಳೂ ಮಾರುಕಟ್ಟೆಯಲ್ಲಿವೆ. ಚಂದಾ ವಿಷಯವನ್ನೂ ಮರೆಯಬೇಡಿ: ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು ಅತಿ ದುಬಾರಿಯಾದ ಪ್ರೀಮಿಯಂ ಯೋಜನೆಯಲ್ಲಿ ಮಾತ್ರ, ಮತ್ತು ಅದರ ಮೊಬೈಲ್ ಯೋಜನೆ ಟಿವಿಯಲ್ಲಿ ನಡೆಯುವುದೇ ಇಲ್ಲ. ಬಾಕ್ಸ್ ತಂದ ದಿನ ಇದು ತಿಳಿದು ಬೇಸರಪಟ್ಟವರಿದ್ದಾರೆ.

ರ್‍ಯಾಮ್, ಸ್ಟೋರೇಜ್, ಕೋಡೆಕ್ ಅಂತೆಲ್ಲ ಬರೆದಿರುತ್ತಾರೆ. ಯಾವುದನ್ನು ನೋಡಬೇಕು?

ರ್‍ಯಾಮ್ 2 ಜಿಬಿ ಇರಲಿ. ಸ್ಟೋರೇಜ್ 8 ಜಿಬಿ ಎಂದರೆ ವ್ಯವಸ್ಥೆಯ ತಂತ್ರಾಂಶ ಕಳೆದು ಕೈಗೆ ಸಿಗುವುದು ನಾಲ್ಕೈದು ಜಿಬಿ. ಸಿನಿಮಾ ನೋಡಲು ಅಷ್ಟು ಸಾಕು, ಆಟಗಳನ್ನೂ ಹಾಕುವುದಾದರೆ 16 ಜಿಬಿ ಅಥವಾ ಹೆಚ್ಚು ಇರುವುದನ್ನು ನೋಡಿ. ಕೋಡೆಕ್ ಎಂದರೆ ಚಿತ್ರವನ್ನು ಮಡಚಿ ಕಳಿಸುವ ಮತ್ತು ಬಿಚ್ಚಿ ತೋರಿಸುವ ವಿಧಾನ. ಯೂಟ್ಯೂಬ್, ನೆಟ್‌ಫ್ಲಿಕ್ಸ್ ಎರಡೂ ಎವಿ1 ಎಂಬ ಹೊಸ ವಿಧಾನವನ್ನು ಬಳಸುತ್ತಿರುವುದರಿಂದ, ಅದನ್ನು ಬಿಚ್ಚಬಲ್ಲ ಸಾಧನ ಅಷ್ಟೇ ಗುಣಮಟ್ಟವನ್ನು ಕಡಿಮೆ ಡೇಟಾದಲ್ಲಿ ತೋರಿಸುತ್ತದೆ. ಇಂಟರ್‌ನೆಟ್ ದುರ್ಬಲವಾಗಿರುವ ಊರುಗಳಿಗೆ ಇದು ನಿಜವಾದ ಲಾಭ.

ಅಮ್ಮನಿಗೆ ಕನ್ನಡ ಧಾರಾವಾಹಿ ನೋಡಬೇಕು, ಅಷ್ಟೇ. ಅವರಿಗೆ ಸುಲಭವಾಗುವಂಥದ್ದು ಯಾವುದು?

ಅಮ್ಮ ಯಾವ ಚಾನೆಲ್ ನೋಡುತ್ತಾರೆ ಎಂಬುದರಿಂದ ಆರಂಭಿಸಿ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಧಾರಾವಾಹಿಗಳು ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡದವು ಜೀ5ರಲ್ಲಿ, ಉದಯ ಟಿವಿಯವು ಸನ್ ನೆಕ್ಸ್ಟ್‌ನಲ್ಲಿ ಸಿಗುತ್ತವೆ. ಪ್ರಸಾರ ಭಾರತಿಯು 2024ರ ನವೆಂಬರ್‌ನಲ್ಲಿ ಆರಂಭಿಸಿದ ವೇವ್ಸ್ ಆ್ಯಪ್‌ನಲ್ಲಿಯೂ ಕನ್ನಡವಿದೆ. ಈ ಆ್ಯಪ್‌ಗಳ ಟಿವಿ ಆವೃತ್ತಿ ನೀವು ಆರಿಸಿದ ಸಾಧನದಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಎರಡನೆಯದು ರಿಮೋಟ್. ಟಿವಿಯನ್ನು ಆನ್ ಮಾಡುವ ಮತ್ತು ಧ್ವನಿ ಏರಿಳಿಸುವ ಗುಂಡಿಗಳು ಬಾಕ್ಸ್‌ನ ರಿಮೋಟ್‌ನಲ್ಲಿಯೇ ಇರಬೇಕು. ಕೈಗೆ ಎರಡು ರಿಮೋಟ್ ಬಂದ ಕ್ಷಣದಲ್ಲಿಯೇ ಹಿರಿಯರು ‘ನನಗೆ ಬೇಡಪ್ಪಾ, ನೀನೇ ಹಾಕಿಕೊಡು’ ಎಂದು ಬಿಟ್ಟುಬಿಡುತ್ತಾರೆ. ಮೈಕ್ ಗುಂಡಿ ಇರುವ ರಿಮೋಟ್ ಆದರೆ ಅಕ್ಷರಗಳನ್ನು ಒಂದೊಂದಾಗಿ ಆರಿಸುವ ಹಿಂಸೆ ತಪ್ಪುತ್ತದೆ. ನಮ್ಮ ದೊಡ್ಡಮ್ಮನ ಮನೆಯಲ್ಲಿ ಮುಖಪುಟದ ಮೊದಲ ಸಾಲಿನಲ್ಲಿ ಎರಡೇ ಆ್ಯಪ್ ಇಟ್ಟು, ಉಳಿದುದನ್ನೆಲ್ಲ ಕೆಳಗೆ ಸರಿಸಿ, ಮಧ್ಯದ ಗುಂಡಿಯ ಮೇಲೆ ಕೆಂಪು ಉಗುರು ಬಣ್ಣದ ಒಂದು ಚುಕ್ಕಿ ಇಟ್ಟೆ. ಕನ್ನಡಕ ಹಾಕದಿದ್ದರೂ ಅವರಿಗೆ ಆ ಚುಕ್ಕಿ ಕಾಣುತ್ತದೆ. ಮೂರನೆಯ ದಿನದಿಂದ ಅವರು ಯಾರನ್ನೂ ಕರೆದಿಲ್ಲ.

ಅಮೆರಿಕದಲ್ಲಿರುವ ಮಗಳು ಅಲ್ಲಿಂದ ಒಂದು ಸ್ಟಿಕ್ ತರುತ್ತೇನೆ ಅನ್ನುತ್ತಾಳೆ. ಇಲ್ಲಿ ನಡೆಯುತ್ತದಾ?

ಎಚ್‌ಡಿಎಂಐ ಎಲ್ಲ ಕಡೆಯೂ ಒಂದೇ, ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಪ್ಲಗ್‌ನ ಆಕಾರವಷ್ಟೇ ಬದಲಾಗಬೇಕು. ತೊಡಕಿರುವುದು ಖಾತೆಯಲ್ಲಿ. ಯಾವ ಆ್ಯಪ್ ಕಾಣಿಸಬೇಕು ಎಂಬುದನ್ನು ಖಾತೆಯ ದೇಶ ತೀರ್ಮಾನಿಸುತ್ತದೆ, ಮತ್ತು ಚಿತ್ರಗಳ ಹಕ್ಕು ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ಭಾರತದ ಖಾತೆಯಿಂದಲೇ ಹೊಸದಾಗಿ ಸಿದ್ಧಪಡಿಸಿದರೆ ಬಹುತೇಕ ಸರಿಹೋಗುತ್ತದೆ, ಆದರೆ ವಾರಂಟಿ ಅಲ್ಲಿಯೇ ಉಳಿಯುತ್ತದೆ. ಕೆಲವು ನೂರು ರೂಪಾಯಿಯ ಉಳಿತಾಯಕ್ಕೆ ಇದು ಬೇಡ ಎನ್ನುವುದು ನನ್ನ ಅಭಿಪ್ರಾಯ. ಇಲ್ಲಿಂದ ಹೊರದೇಶಕ್ಕೆ ಒಯ್ಯುವವರಿಗೂ ಇದೇ ಮಾತು ಅನ್ವಯಿಸುತ್ತದೆ.

## ಜೋಡಿಸಿದ ಮೇಲೆ

ಸ್ಟಿಕ್ ತಾನೇ ಆಫ್ ಆಗಿ ಆನ್ ಆಗುತ್ತದೆ. ಎರಡು ಸಲ ಬದಲಿಸಿ ತಂದರೂ ಹಾಗೆಯೇ. ಯಾರ ತಪ್ಪು?

ನೂರಕ್ಕೆ ತೊಂಬತ್ತು ಸಲ ತಪ್ಪು ಸ್ಟಿಕ್‌ನದಲ್ಲ, ಅದಕ್ಕೆ ವಿದ್ಯುತ್ ಕೊಡುವ ಜಾಗದ್ದು. ವೈರು ಕಾಣಬಾರದೆಂದು ಸ್ಟಿಕ್‌ನ ಕೇಬಲ್ಲನ್ನು ಟಿವಿಯ ಯುಎಸ್‌ಬಿ ಕಿಂಡಿಗೇ ಸಿಕ್ಕಿಸಿರುತ್ತಾರೆ. ಟಿವಿಯ ಸಾಮಾನ್ಯ ಯುಎಸ್‌ಬಿ 2.0 ಕಿಂಡಿ ಕೊಡುವುದು 0.5 ಆಂಪಿಯರ್, ಸ್ಟಿಕ್ ಕೇಳುವುದು ಸುಮಾರು 1 ಆಂಪಿಯರ್. ಮುಖಪುಟ ತೋರಿಸುವಾಗ ಹೇಗೋ ಸಾಗುತ್ತದೆ, ಭಾರವಾದ ಚಿತ್ರ ಶುರುವಾದೊಡನೆ ವಿದ್ಯುತ್ ಸಾಲದೆ ಕುಸಿದು ಮತ್ತೆ ಏಳುತ್ತದೆ. ಡಬ್ಬಿಯೊಳಗೆ ಬಂದ ಅಡಾಪ್ಟರನ್ನೇ, ಗೋಡೆಯ ಸಾಕೆಟ್‌ಗೆ ನೇರವಾಗಿ ಹಾಕಿ.

ಸ್ಟಿಕ್ ಜೊತೆ ಬರುವ ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆಂಡರ್ ಕೇಬಲ್ಲನ್ನು ಯಾರೂ ಬಳಸುವುದಿಲ್ಲ, ಅದು ಡಬ್ಬಿಯಲ್ಲೇ ಉಳಿದುಬಿಡುತ್ತದೆ. ಅದನ್ನು ಹಾಕಿದರೆ ಸ್ಟಿಕ್ ಟಿವಿಯ ಬಿಸಿ ಬೆನ್ನಿನಿಂದ ದೂರ ಸರಿಯುತ್ತದೆ ಮತ್ತು ಅದರ ವೈಫೈಗೆ ಲೋಹದ ಮರೆ ತಪ್ಪುತ್ತದೆ. ಮಲೆನಾಡಿನವರಿಗೆ ಇನ್ನೊಂದು ಮಾತು: ಗುಡುಗು ಸಿಡಿಲಿನ ಹೊತ್ತಿನಲ್ಲಿ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ ಮತ್ತು ಕೇಬಲ್ ಎರಡನ್ನೂ ಬಿಚ್ಚಿಡಿ. ಡಿಶ್‌ನ ಕೇಬಲ್ ಮೂಲಕ ಬಂದ ಸಿಡಿಲಿಗೆ ಟಿವಿಯ ಎಚ್‌ಡಿಎಂಐ ಕಿಂಡಿಗಳು ಸುಟ್ಟ ಮನೆಗಳನ್ನು ನೋಡಿದ್ದೇನೆ.

100 ಎಂಬಿಪಿಎಸ್ ಪ್ಲಾನ್ ಇದೆ, ಆದರೂ ಚಕ್ರ ಸುತ್ತುತ್ತಲೇ ಇರುತ್ತದೆ.

ನೆಟ್‌ಫ್ಲಿಕ್ಸ್ ಸ್ವತಃ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸಾಕು. ಆದ್ದರಿಂದ ನಿಮ್ಮ ತೊಂದರೆ ಇಂಟರ್‌ನೆಟ್ ಮನೆ ಬಾಗಿಲಿಗೆ ಬಂದ ಮೇಲಿನದು. ರೂಟರ್‌ಗಳು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಅಲೆಗಳಲ್ಲಿ ವೈಫೈ ಕೊಡುತ್ತವೆ. ಮೊದಲನೆಯದು ದೂರ ಹೋಗುತ್ತದೆ ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಎಲ್ಲವೂ ಅದರಲ್ಲಿಯೇ ತುಂಬಿಕೊಂಡಿರುತ್ತವೆ. ಎರಡನೆಯದು ವೇಗ ಹೆಚ್ಚು, ದಪ್ಪ ಗೋಡೆ ದಾಟುವುದು ಕಷ್ಟ. ರೂಟರ್ ಮತ್ತು ಟಿವಿ ಒಂದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಸ್ ಆರಿಸಿ. ಕಲ್ಲು, ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಲ್ಯಾನ್ ಕೇಬಲ್ ಎಳೆಯುವುದೇ ಲೇಸು.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುವವರು ಈ ಲೆಕ್ಕ ಇಟ್ಟುಕೊಳ್ಳಿ: ಎಚ್‌ಡಿ ಚಿತ್ರ ಗಂಟೆಗೆ 3 ಜಿಬಿವರೆಗೆ, 4ಕೆ 7 ಜಿಬಿವರೆಗೆ ನುಂಗುತ್ತದೆ. ದಿನಕ್ಕೆ 1.5 ಜಿಬಿಯ ಪ್ಯಾಕ್ ಅರ್ಧ ಗಂಟೆಗೆ ಖಾಲಿಯಾಗಬಹುದು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಗುಣಮಟ್ಟವನ್ನು ಮಧ್ಯಮಕ್ಕೆ ಇಳಿಸಿದರೆ 32 ಇಂಚಿನ ಪರದೆಯಲ್ಲಿ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ.

ಸೌಂಡ್‌ಬಾರ್ ತಂದೆವು. ಅದನ್ನು ಬಾಕ್ಸ್‌ಗೆ ಜೋಡಿಸಬೇಕಾ, ಟಿವಿಗಾ?

ಟಿವಿಗೆ. ಟಿವಿಯ ಒಂದು ಎಚ್‌ಡಿಎಂಐ ಕಿಂಡಿಯ ಪಕ್ಕ ‘ಎಆರ್‌ಸಿ’ ಎಂದು ಬರೆದಿರುತ್ತದೆ. ಟಿವಿಯ ಧ್ವನಿಯನ್ನು ಹೊರಕ್ಕೆ ಕಳಿಸುವ ಕಿಂಡಿ ಅದು. ಅಲ್ಲಿಗೆ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಸಿಇಸಿ’ ಆನ್ ಮಾಡಿದರೆ ಬಾಕ್ಸ್‌ನ ರಿಮೋಟ್ ಒಂದರಿಂದಲೇ ಟಿವಿ, ಬಾಕ್ಸ್, ಸೌಂಡ್‌ಬಾರ್ ಮೂರೂ ನಡೆಯುತ್ತವೆ. ಸಿಇಸಿಗೆ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್.

## ಆಟದ ಸಲಕರಣೆ

ಮಗ ಟಿವಿಯಲ್ಲಿ ಗೇಮ್ ಆಡಬೇಕು ಅನ್ನುತ್ತಾನೆ. ಯಾವ ಗೇಮ್‌ಪ್ಯಾಡ್ ತರಲಿ? ಎರಡು ಸಾವಿರ ದಾಟಬಾರದು.

ಆ ಬೆಲೆಯಲ್ಲಿ ಕಾಸ್ಮಿಕ್ ಬೈಟ್, ರೆಡ್‌ಗಿಯರ್, ಇವೋಫಾಕ್ಸ್ ಮುಂತಾದ ಭಾರತೀಯ ಹೆಸರುಗಳ ಪ್ಯಾಡ್‌ಗಳು ಸಿಗುತ್ತವೆ. ಹೆಸರಿಗಿಂತ ಮುಖ್ಯವಾದ ಮೂರು ಗುಣಗಳಿವೆ. ಮೊದಲನೆಯದು ಸಂಪರ್ಕ. ಬರಿಯ 2.4 ಗಿಗಾಹರ್ಟ್ಸ್ ಡಾಂಗಲ್ ಇರುವ ಪ್ಯಾಡ್, ಯುಎಸ್‌ಬಿ ಕಿಂಡಿಯಿಲ್ಲದ ಸ್ಟಿಕ್‌ಗೆ ಪ್ರಯೋಜನಕ್ಕೆ ಬಾರದು. ಅಂತಹವರು ಬ್ಲೂಟೂತ್ ಇರುವುದನ್ನೇ ಆರಿಸಬೇಕು. ಎರಡನೆಯದು ಭಾಷೆ, ಅಂದರೆ ಗುಂಡಿ ಒತ್ತಿದ್ದನ್ನು ಪ್ಯಾಡ್ ಸಾಧನಕ್ಕೆ ತಿಳಿಸುವ ವಿಧಾನ. ಕಂಪ್ಯೂಟರ್‌ಗೆ ಎಕ್ಸ್‌ಇನ್‌ಪುಟ್, ಆಂಡ್ರಾಯ್ಡ್‌ಗೆ ಬೇರೆ ವಿಧಾನ, ಹೀಗೆ ಬದಲಾಯಿಸುವ ಗುಂಡಿಯಿರುವ ಪ್ಯಾಡ್ ಕೊಂಡರೆ ನಾಳೆ ಬಾಕ್ಸ್ ಬದಲಾದರೂ ಪ್ಯಾಡ್ ವ್ಯರ್ಥವಾಗುವುದಿಲ್ಲ.

ಮೂರನೆಯದು ಹೆಬ್ಬೆರಳಿನ ಕಡ್ಡಿ. ಹಳೆಯ ಬಗೆಯಲ್ಲಿ ಕಡ್ಡಿಯ ಬುಡದಲ್ಲಿ ಇಂಗಾಲದ ಪಟ್ಟಿಯ ಮೇಲೆ ಲೋಹದ ತುದಿ ಉಜ್ಜುತ್ತಿರುತ್ತದೆ. ಉಜ್ಜಿ ಉಜ್ಜಿ ಸವೆದಾಗ, ಕೈ ಮುಟ್ಟದಿದ್ದರೂ ಆಟದೊಳಗಿನ ಕಾರು ತಾನೇ ಎಡಕ್ಕೆ ಸರಿಯುತ್ತ ಹೋಗುತ್ತದೆ. ಆಡುವವರು ಇದನ್ನು ‘ಡ್ರಿಫ್ಟ್’ ಎನ್ನುತ್ತಾರೆ. ‘ಹಾಲ್ ಎಫೆಕ್ಟ್’ ಎಂಬ ಬಗೆಯಲ್ಲಿ ಉಜ್ಜಾಟವೇ ಇಲ್ಲ. ಅಯಸ್ಕಾಂತವೊಂದು ಸರಿದುದನ್ನು ಸಂವೇದಕ ದೂರದಿಂದಲೇ ಗ್ರಹಿಸುತ್ತದೆ. ನಾಲ್ಕೈದು ನೂರು ಹೆಚ್ಚಾದರೂ ಇದನ್ನೇ ಕೊಡಿಸಿ. ಆಟದ ಸಲಕರಣೆಗಳ ಪಟ್ಟಿಯಲ್ಲಿ ಹೆಚ್ಚುವರಿ ಹಣ ಹಾಕಲು ಯೋಗ್ಯವಾದ ಜಾಗ ಇದೊಂದೇ ಎಂದು ನಾನು ನಂಬಿದ್ದೇನೆ. ನೆಂಟರ ಮನೆಯಲ್ಲಿ ಬಳಕೆಯಾಗದ ಪ್ಲೇಸ್ಟೇಷನ್ ಅಥವಾ ಬ್ಲೂಟೂತ್ ಇರುವ ಎಕ್ಸ್‌ಬಾಕ್ಸ್ ಪ್ಯಾಡ್ ಇದ್ದರೆ ಕೊಳ್ಳುವುದೇ ಬೇಡ. ಅವು ಇಂದಿನ ಆಂಡ್ರಾಯ್ಡ್ ಟಿವಿ ಮತ್ತು ಅಮೆಜಾನ್‌ನ ಫೈರ್ ಟಿವಿಗಳಲ್ಲಿ ಹೆಚ್ಚಾಗಿ ನಡೆಯುತ್ತವೆ.

ಗುಂಡಿ ಒತ್ತಿದ ಮೇಲೆ ಸ್ವಲ್ಪ ತಡವಾಗಿ ಹಾರುತ್ತದೆ. ಪ್ಯಾಡ್ ಕೆಟ್ಟಿದೆಯಾ?

ಟಿವಿಯನ್ನು ಮೊದಲು ನೋಡಿ. ಟಿವಿಗಳು ಚಿತ್ರವನ್ನು ಅಂದಗೊಳಿಸಲು ಪ್ರತಿ ದೃಶ್ಯವನ್ನೂ ಕೆಲ ಕಾಲ ಹಿಡಿದಿಟ್ಟುಕೊಳ್ಳುತ್ತವೆ. 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಯಲ್ಲಿ ಒಂದು ದೃಶ್ಯದ ಆಯುಸ್ಸು 16.7 ಮಿಲಿಸೆಕೆಂಡ್, ಐದಾರು ದೃಶ್ಯ ಹಿಡಿದಿಟ್ಟರೆ ವಿಳಂಬ 100 ಮಿಲಿಸೆಕೆಂಡ್ ಮುಟ್ಟುತ್ತದೆ, ಅದು ಕೈಗೆ ತಿಳಿಯುತ್ತದೆ. ಟಿವಿಯ ಚಿತ್ರ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಆರಿಸಿದರೆ ಈ ಅಂದಗಾರಿಕೆ ನಿಲ್ಲುತ್ತದೆ. ಆಡುವಾಗ ಬ್ಲೂಟೂತ್ ಹೆಡ್‌ಫೋನ್ ಬಳಸಿದರೆ ಶಬ್ದವೂ ತಡವಾಗುವುದರಿಂದ ವೈರಿನದನ್ನು ಬಳಸುವುದು ಲೇಸು.

ಸಂತೆಯಲ್ಲಿ ಎರಡು ಪ್ಯಾಡ್ ಜೊತೆ ‘10,000 ಗೇಮ್ಸ್’ ಸ್ಟಿಕ್ ಮಾರುತ್ತಾರೆ. ಮಕ್ಕಳಿಗೆ ಕೊಡಿಸಬಹುದಾ?

ತೊಂಬತ್ತರ ದಶಕದಲ್ಲಿ ಹಳದಿ ಕ್ಯಾಸೆಟ್ ಸಿಕ್ಕಿಸಿ ಆಡಿದ ಆಟಗಳ ನೆನಪು ಇರುವವರಿಗೆ ಇದು ಆಕರ್ಷಕವೇ. ಆದರೆ ಆ ಆಟಗಳು ಬಹುಮಟ್ಟಿಗೆ ಮಾಲೀಕರ ಅನುಮತಿಯಿಲ್ಲದೆ ನಕಲು ಮಾಡಿದವು. ಹತ್ತು ಸಾವಿರದಲ್ಲಿ ಒಂದೇ ಆಟ ಬೇರೆ ಬೇರೆ ಹೆಸರಿನಲ್ಲಿ ಹತ್ತಾರು ಸಲ ಬರುತ್ತದೆ. ಜೊತೆಗೆ ಬರುವ ಅಗ್ಗದ ಮೆಮೊರಿ ಕಾರ್ಡ್ ಕೆಟ್ಟರೆ ಎಲ್ಲವೂ ಹೋಯಿತು. ಅದೇ ಹಣಕ್ಕೆ ಒಂದು ಒಳ್ಳೆಯ ಪ್ಯಾಡ್ ತೆಗೆದುಕೊಂಡು, ಪ್ಲೇ ಸ್ಟೋರ್‌ನಲ್ಲಿ ಪ್ಯಾಡ್‌ಗೆ ಹೊಂದುವ ಉಚಿತ ಆಟಗಳನ್ನು ಹಾಕಿಕೊಡಿ.

ಕ್ಲೌಡ್ ಗೇಮಿಂಗ್ ಅಂದರೆ ಕನ್ಸೋಲ್ ಇಲ್ಲದೆಯೇ ದೊಡ್ಡ ಆಟ ಆಡಬಹುದಂತೆ. ನಂಬಬಹುದಾ?

ಕನ್ಸೋಲ್ ಎಂದರೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂತಹ ಆಟದ ಯಂತ್ರ. ಇಲ್ಲಿ ಅದರ ಬದಲು ಆಟ ನಡೆಯುವುದು ದೂರದ ಸರ್ವರ್‌ನಲ್ಲಿ. ಮನೆಗೆ ಬರುವುದು ಅದರ ವಿಡಿಯೋ, ಮನೆಯಿಂದ ಹೋಗುವುದು ಗುಂಡಿ ಒತ್ತಿದ ಸುದ್ದಿ. 2025ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ ಭಾರತಕ್ಕೂ ಬಂದಿದೆ. ಜಿಯೋದ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಜಿಯೋಗೇಮ್ಸ್ ಕ್ಲೌಡ್ ಇದೆ. ಇದಕ್ಕೆ ವೇಗಕ್ಕಿಂತಲೂ ಸ್ಥಿರತೆ ಮುಖ್ಯ. 20 ಎಂಬಿಪಿಎಸ್ ಕದಲದೆ ಬಂದರೆ ಸಾಕು, 200 ಎಂಬಿಪಿಎಸ್ ತಡೆದು ತಡೆದು ಬಂದರೆ ಪ್ರಯೋಜನವಿಲ್ಲ. ಕಾರು ಓಟ, ಕಥೆಯ ಆಟಗಳಿಗೆ ಸರಿ; ಕ್ಷಣಾರ್ಧದ ಗುಂಡಿನ ಕಾಳಗಕ್ಕೆ ಅಷ್ಟು ಒಗ್ಗದು. ಒಂದೇ ತಿಂಗಳ ಚಂದಾ ಕಟ್ಟಿ ನೋಡಿ, ವರ್ಷದ್ದು ಬೇಡ. ಗೂಗಲ್‌ನಂತಹ ಗೂಗಲ್ಲೇ ಸ್ಟೇಡಿಯಾ ಎಂಬ ತನ್ನ ಕ್ಲೌಡ್ ಗೇಮಿಂಗ್ ಸೇವೆಯನ್ನು 2023ರ ಜನವರಿ 18ರಂದು ಮುಚ್ಚಿತು.

ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಈಗಾಗಲೇ ಇದ್ದರೆ ಇನ್ನೂ ಒಳ್ಳೆಯ ದಾರಿಯಿದೆ. ಬಾಕ್ಸ್‌ನಲ್ಲಿ ಸ್ಟೀಮ್ ಲಿಂಕ್ ಅಥವಾ ಮೂನ್‌ಲೈಟ್ ಎಂಬ ಉಚಿತ ಆ್ಯಪ್ ಹಾಕಿ, ಕಂಪ್ಯೂಟರನ್ನು ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿದರೆ ಒಳಕೋಣೆಯ ಆಟ ನಡುಮನೆಯ ಟಿವಿಯಲ್ಲಿ ಬರುತ್ತದೆ. ಇದಕ್ಕೆ ಇಂಟರ್‌ನೆಟ್ ಡೇಟಾ ಬಹುತೇಕ ಖರ್ಚಾಗುವುದಿಲ್ಲ.

ಅಂಗಡಿಯವರು ಮೂರು ಸಾವಿರದ ಎಚ್‌ಡಿಎಂಐ ಕೇಬಲ್ ಹಾಕಿದರೆ ಚಿತ್ರ ಚೆನ್ನಾಗಿ ಬರುತ್ತದೆ ಅನ್ನುತ್ತಾರೆ.

ಬರುವುದಿಲ್ಲ. ಸಂಕೇತ ಅಂಕಿಗಳ ರೂಪದಲ್ಲಿ ಹೋಗುವುದರಿಂದ ತಲುಪಿದರೆ ಪೂರ್ತಿ ತಲುಪುತ್ತದೆ, ಇಲ್ಲವಾದರೆ ಚಿತ್ರ ಕಡಿದು ಕಿಡಿ ಕಾಣುತ್ತದೆ. 4ಕೆ 60 ಹರ್ಟ್ಸ್‌ಗೆ 18 ಜಿಬಿಪಿಎಸ್ ಸಾಮರ್ಥ್ಯದ ‘ಪ್ರೀಮಿಯಂ ಹೈಸ್ಪೀಡ್’ ಕೇಬಲ್, ಹೊಸ ಕನ್ಸೋಲ್‌ಗಳ 4ಕೆ 120 ಹರ್ಟ್ಸ್‌ಗೆ 48 ಜಿಬಿಪಿಎಸ್‌ನ ‘ಅಲ್ಟ್ರಾ ಹೈಸ್ಪೀಡ್’ ಕೇಬಲ್ ಸಾಕು. ಎರಡು ಮೀಟರ್ ಒಳಗಿನ ಉದ್ದಕ್ಕೆ ಕೆಲವು ನೂರು ರೂಪಾಯಿಗಿಂತ ಹೆಚ್ಚು ಕೊಡಬೇಕಾಗಿಲ್ಲ.

ಒಂದು ಬಾಕ್ಸ್ ಎಷ್ಟು ವರ್ಷ ಬಾಳುತ್ತದೆ? ಹಳೆಯದನ್ನು ಏನು ಮಾಡಲಿ?

ಯಂತ್ರ ಏಳೆಂಟು ವರ್ಷ ಬಾಳಬಹುದು, ಆದರೆ ಅದರ ಆಯುಸ್ಸನ್ನು ತೀರ್ಮಾನಿಸುವುದು ತಯಾರಕರು ಕಳಿಸುವ ಅಪ್‌ಡೇಟ್. 2025ರ ಮಾರ್ಚ್‌ನಲ್ಲಿ ಗೂಗಲ್‌ನ ಸ್ಟ್ರೀಮಿಂಗ್ ಸಾಧನಗಳಾದ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಂದೇ ದಿನ ಎಲ್ಲೆಡೆ ಕೆಲಸ ನಿಲ್ಲಿಸಿದವು. ಒಳಗಿದ್ದ ಹತ್ತು ವರ್ಷದ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಗೂಗಲ್ ಕೆಲವು ದಿನಗಳಲ್ಲಿ ಸರಿಪಡಿಸಿತು, ಆದರೆ ಗಾಬರಿಯಿಂದ ಫ್ಯಾಕ್ಟರಿ ರೀಸೆಟ್ ಮಾಡಿದವರು ಹೆಚ್ಚು ತೊಂದರೆಪಟ್ಟರು. ಎಲ್ಲರ ಸಾಧನವೂ ಒಮ್ಮೆಗೇ ನಿಂತಿದೆ ಎಂದು ತಿಳಿದರೆ ಏನನ್ನೂ ಮುಟ್ಟದೆ ಎರಡು ದಿನ ಕಾಯಿರಿ.

ಬೇರೆಯವರಿಗೆ ಕೊಡುವ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ, ಆನಂತರ ಗೂಗಲ್ ಅಥವಾ ಅಮೆಜಾನ್ ಖಾತೆಯ ಸಾಧನಗಳ ಪಟ್ಟಿಯಿಂದಲೂ ಅದನ್ನು ತೆಗೆದುಹಾಕಿ. ಇಲ್ಲವಾದರೆ ಕೊಂಡವರ ಮನೆಯ ಮಕ್ಕಳು ನಿಮ್ಮ ಕಾರ್ಡ್‌ನಲ್ಲಿ ಸಿನಿಮಾ ಕೊಳ್ಳುವಂತಾಗಬಹುದು. ಪೂರ್ತಿ ಕೆಟ್ಟಿದ್ದನ್ನು ಹಸಿ ಕಸ ಒಣ ಕಸದ ಡಬ್ಬಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ, ರಿಮೋಟ್‌ನ ಸೆಲ್‌ಗಳನ್ನು ತೆಗೆದಿಟ್ಟು ಪ್ರತ್ಯೇಕವಾಗಿ ಕೊಡಿ. ಅಡಾಪ್ಟರ್ ಮತ್ತು ಆ ಗೇಣುದ್ದದ ಎಕ್ಸ್‌ಟೆಂಡರ್ ಕೇಬಲ್ಲನ್ನು ಮಾತ್ರ ನಿಮ್ಮಲ್ಲೇ ಇಟ್ಟುಕೊಳ್ಳಿ, ಮುಂದಿನ ಸ್ಟಿಕ್‌ಗೆ ಬೇಕಾಗುತ್ತವೆ.